ಬಾಯಿ ತೆರೀರಿ

ಚೋರ್ಲಾ ಘಾಟ ಹತ್ತಿ ಬರತೈತಿ ಸಮುದ್ರ,
ನೀಲಿ ಕ್ಯಾನಿನ್ಯಾಗ, ತಿಂಗಳಿಗೆ ಎರಡು ಸಲ,
ಇಲಿಯಾಸ ಸನದಿಯ ಟೆಂಪೋದಾಗ.
ಟಿಳಕವಾಡಿಯೊಳಗ ಇಳದು
ಡಾಕ್ಟರ್ ಬೆಂಬಳಗಿಯವರ ಹಲ್ಲಿನ ದವಾಖಾನಿ ಮೆಟ್ಲ ಏರತೈತಿ.
ಹದಿನಾಲ್ಕು ಮೆಟ್ಲ. ಎಣಿಸೀನಿ.
ಕ್ಯಾನಿನ ಒಂದು ಹಿಡಿಕಿ ನಂದು.

ಪಾಳಿ ಕಾಯೋ ಕೋಣ್ಯಾಗ ಗಾಜಿನ ತೊಟ್ಟಿ.
ಕಲ್ಲಸಂದ್ಯಾಗ ಹಾವಮೀನ,
ಬಿಳಿ ಮೈಮ್ಯಾಲ ಶಾಯಿ ಸಿಡಿದಂಗ ಕರೀ ಕಲಿ.
ಸುಮ್ನ ಬಾಯಿ ತೆರೀತೈತಿ, ಮುಚ್ಚತೈತಿ,
ಏನೋ ಹೇಳಾಕ ಬಂದು ಮರತಂಗ.
ಉಸಿರಾಡೋದು ಅಷ್ಟ, ಅಂತಾರ ಡಾಕ್ಟರು.
ಪೇಷಂಟ್ ಮಂದಿ ಮಾತ್ರ ದೂರದ ಕುರ್ಚಿ ಹಿಡೀತಾರ.

ಜೋಡಿಗೆ ಎರಡು ಸೀಗಡಿ ಬಿಡೋಣು ಅಂದ್ರು ಒಂದಿನ.
ಇಲಿಯಾಸ ಕ್ಯಾನ್ ಕೆಳಗಿಟ್ಟ.
"ಸಾಹೇಬ್ರ, ನನಗ ಗೊತ್ತಿರೋದು ಒಂದ ಲೆಕ್ಕ,
ಬಾಯಾಗ ಹಿಡಿಸೋದೆಲ್ಲ ತುತ್ತು.
ಇವತ್ತಲ್ಲ ಅಂದ್ರ ನಾಳಿ."
"ಅವು ಹಲ್ಲು ತಿಕ್ಕೋ ಜಾತಿಯೋ, ನನ್ನ ಜಾತಿ.
ಅವನ್ನ ತಿನ್ನಂಗಿಲ್ಲ."
"ರೊಕ್ಕ ನಿಮ್ದು," ಅಂದ ಅಂವ, ಟವೆಲ್ಲಿಗೆ ಕೈ ಒರಸ್ಕೋತ.

ಬಂದ್ವು. ನನ್ನ ಕಿರುಬಟ್ಟಿನಷ್ಟ ಉದ್ದ.
ಕೆಂಪು ಬೆನ್ನಿನ ನಟ್ಟನಡುವ ಬಿಳಿ ಗೆರಿ,
ಎಣ್ಣಿ ಹಚ್ಚಿ ಬೈತಲಿ ತಗದಂಗ.
ಮೂರು ದಿನ ಕಲ್ಲಿನ ಹಿಂದಿದ್ವು.
ನಾಲ್ಕನೇ ದಿನ ಒಂದು ಹೊರಗ ಬಂದು, ಮೀಸಿ ಅಲ್ಲಾಡಿಸ್ಕೋತ
ಅಂಗಡಿ ತಗದವರಂಗ ನಿಂತ್ತು.
ಹಾವಮೀನ ಬಂತು.
ಬಾಯಿ ತೆರೀತು, ಈ ಸಲ ಮುಚ್ಚಲಿಲ್ಲ.
ಸೀಗಡಿ ಒಳಗ ಹೋತು.
ನನ್ನ ಕೈಯಾಗಿನ ಟ್ರೇದಾಗ ಚಿಮಟಿಗಿ ಗಡಗಡ ಅಂದ್ವು.
ಹಲ್ಲಿನಿಂದ ಹಲ್ಲಿಗೆ ಕಾಲಿಟ್ಟು, ಏನೋ ಕಿತ್ತು ತಿಂದು,
ಹೊರಗ ಬಂತು.

ಒಂದು ಮುಂಜಾನಿ ಉಸುಕಿನ ಮ್ಯಾಲ ಬಿದ್ದಿತ್ತು,
ಪೂರಾ ಸೀಗಡಿ, ಕಣ್ಣು ಕಾಲು ಸಹಿತ, ಒಳಗ ಏನಿಲ್ಲ.
ನಾ ಅತ್ತೆ. ಡಾಕ್ಟರು ನಕ್ಕರು:
"ಪೊರಿ ಬಿಟ್ಟೈತಿ, ಹುಚ್ಚಿ.
ಮೈ ಮೆತ್ತಗ ಐತಿ ಈಗ, ಅಡಗಿರತೈತಿ,
ಗಟ್ಟಿ ಆಗೂತನಕ ಯಾರ ಬಾಯಿಗೂ ಹೋಗಂಗಿಲ್ಲ."
ಆ ಪೊರಿ ಒಣಗಿಸಿ
ಹತ್ತಿ ಡಬ್ಬ್ಯಾಗ ಇಟ್ಕೊಂಡೀನಿ ಇನ್ನೂ.

ಡಾಕ್ಟರು ಮಗಳ ಕಡೆ ಪುಣೆಕ್ಕ ಹೋದ್ರು, ಹತ್ತು ದಿನ.
ಕೀಲಿ ನನ್ನ ಕೈಯಾಗ.
ದಿನ ಬಿಟ್ಟು ದಿನ, ಕಡ್ಡಿ ತುದಿಗೆ ಮೀನಿನ ಚೂರು.
ಅಥಣ್ಯಾಗ ತಂಗಿ ಹೆರಿಗಿ, ಎರಡ ದಿನ ಅಂತ ಹೋದಾಕಿ
ಎಂಟು ದಿನ ನಿಂತೆ.
ಹಾವಲ್ಲಾ, ತಡಕೊಳ್ತೈತಿ ಅನಕೊಂಡೆ.
ಕೂಸಿನ ಬೆರಳ ನೋಡ್ಕೋತ ಕುಂತೆ.

ಬಂದು ನೋಡಿದ್ರ ಒಂದ ಸೀಗಡಿ.
ಬ್ಯಾಟರಿ ಹಿಡದು ಕಲ್ಲಸಂದಿ ಎಲ್ಲಾ ಹುಡುಕಿದೆ,
ಪೊರಿ ಸಿಗಲಿ ದೇವರ, ಬರೇ ಪೊರಿ.
ಫಿಲ್ಟರಿನ ಜಾಳಿಗಿಗೆ ಒಂದೆಳಿ ಬಿಳಿ ಮೀಸಿ ಸಿಕ್ಕಿತ್ತು.

"ತಿನ್ನಿಸಿದ್ದಿ ಹೌದಲ್ಲೋ ಮಂದಾಕಿನಿ?"
"ಹೌದ್ರಿ."
ಇಲಿಯಾಸ ಹಾವಮೀನಿನ ಹೊಟ್ಟಿ ನೋಡಿದ, ನನ್ನ ನೋಡಿದ,
ಕ್ಯಾನಿನ ಮುಚ್ಚಳ ತಿರುವಿದ.
ಬೈದಿದ್ರ ಬೇಸಿತ್ತು.

ಆ ಸಂಜಿಕ ಹಾವಮೀನ ಕಲ್ಲಿನ ಹತ್ರ ಬಂದು
ಬಾಯಿ ತೆರೀತು.
ಉಳದ ಸೀಗಡಿ ಒಂದು ಗಳಿಗಿ ಮೀಸಿ ಅಲ್ಲಾಡಿಸ್ತು.
ಹೋತು ಒಳಗ.
ಹಲ್ಲಿನ ಸಂದ್ಯಾಗ ಏನ ಸಿಕ್ಕಿತೋ ಅದಕ್ಕ,
ನಾ ಗಾಜಿಗೆ ಬೆನ್ನು ಮಾಡಿದ್ದೆ.

ಒಳಗ ಕುರ್ಚಿಮ್ಯಾಲ ಕಡೋಲಿ ಪೈಲ್ವಾನ,
ಹೋದ ಸಲ ಡಾಕ್ಟರ್ ಬೆರಳ ಕಡದಾಂವ.
ಇನ್ನೂ ಹಲ್ಲು ಕಚ್ಚಿಹಿಡದಾನ, ಕಣ್ಣಾಗ ನೀರು.
ಎಂಜಲಾ ಎಳಿಯೋ ನಳಗಿ ಕೈಯಾಗ ಹಿಡದು
ದೀಪ ಕೆಳಗ ಎಳದೆ.
ಬಾಯಿ ತೆರೀರಿ, ಅಂದೆ.
ಇನ್ನೂ ಸ್ವಲ್ಪ.